ಅಪರೂಪದ ಇಂಗ್ಲಿಷ್ ಪದಗಳು: ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು?

ಕಾಗುಣಿತ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನಗೊಂದು ಚಟ ಇದೆ. ಓದುವಾಗ ಗೊತ್ತಿಲ್ಲದ ಇಂಗ್ಲಿಷ್ ಪದ ಸಿಕ್ಕರೆ ಪುಸ್ತಕ ಮಗುಚಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಎಡಕ್ಕೆ ಪದ, ಬಲಕ್ಕೆ ಕನ್ನಡದಲ್ಲಿ ಅರ್ಥ. ಮೊದಲೆಲ್ಲ ಪದಗಳು ಪುಸ್ತಕದಿಂದ ಬರುತ್ತಿದ್ದವು, ಈಗ ಮೊಬೈಲಿನಿಂದ ಬರುತ್ತಿವೆ. “ನಿಮಗೆ ಗೊತ್ತೇ ಇರದ ಸುಂದರ ಪದಗಳು” ಅಂತ ಯಾರೋ ಮಂಜು ಮುಸುಕಿದ ಬೆಟ್ಟದ ಚಿತ್ರದ ಮೇಲೆ ಬರೆದು ಹಾಕಿರುತ್ತಾರೆ, ನಾನು ಆಸೆಬುರುಕಿಯ ಹಾಗೆ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತೇನೆ. ವಾರ ಕಳೆದರೆ ಒಂದೂ ನೆನಪಿರುವುದಿಲ್ಲ.

ಈಚಿನ ಪುಟದಲ್ಲಿ ಇರೋದು ಇವು.

ಅಪ್ರಿಸಿಟಿ: ಚಳಿಗಾಲದ ಬಿಸಿಲಿನ ಹಿತವಾದ ಬಿಸುಪು.
ಆ್ಯಗ್ಲೆಟ್: ಶೂ ಲೇಸಿನ ತುದಿಗೆ ಇರುವ ಪುಟ್ಟ ಕೊಳವೆ.
ಡಿಫೆನೆಸ್ಟ್ರೇಶನ್: ಒಬ್ಬರನ್ನು ಕಿಟಕಿಯಿಂದಾಚೆ ಎಸೆಯುವುದು.
ಪೆಟ್ರಿಕೋರ್: ಒಣಗಿದ ನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ.
ಸಾಂಡರ್: ದಾರಿಯಲ್ಲಿ ಎದುರಾಗುವ ಪ್ರತಿ ಅಪರಿಚಿತರಿಗೂ ನಮ್ಮದರಷ್ಟೇ ತುಂಬಿದ ಒಂದು ಬದುಕಿದೆ ಎಂಬ ಅರಿವು.
ಹಾರಿಪಿಲೇಶನ್: ಮೈ ಜುಮ್ಮೆನ್ನುವುದು.
ಓವರ್‌ಮಾರೋ: ನಾಡಿದ್ದು.
ಎಸ್ಕ್ವಿವೇಲಿಯನ್ಸ್: ಮಾಡಬೇಕಾದ ಕೆಲಸದಿಂದ ಬೇಕೆಂದೇ ನುಣುಚಿಕೊಳ್ಳುವುದು.

ಇವನ್ನೆಲ್ಲ ಇಂಗ್ಲಿಷ್ ಮಾತಾಡುವವರು ನಿಜಕ್ಕೂ ಬಳಸುತ್ತಾರಾ? ಅಸಲಿ ಯಾವುದು, ಯಾರೋ ಕಟ್ಟಿ ಬಿಟ್ಟದ್ದು ಯಾವುದು ಅಂತ ತಿಳಿಯೋದು ಹೇಗೆ? ಮತ್ತೆ ಮುಖ್ಯವಾಗಿ, ತಲೆಯಲ್ಲಿ ಉಳಿಸಿಕೊಳ್ಳೋದು ಹೇಗೆ? ಒಮ್ಮೆ ಡಿಫೆನೆಸ್ಟ್ರೇಶನ್ ಅನ್ನುವುದನ್ನು ಗೆಳತಿಯೊಬ್ಬಳಿಗೆ ಬರೆದ ಮೇಲ್‌ನಲ್ಲಿ ಬಳಸಿದ್ದೆ. ಅವಳು “ಯಾವ ಆಪರೇಷನ್ ಅದು, ನೋವಾಗುತ್ತಾ?” ಅಂತ ಕೇಳಿದಳು.

---

ಬೆರಳಚ್ಚು:

ಕೊನೆಯ ಪ್ರಶ್ನೆಗೆ ಮಾತ್ರ ನನ್ನ ಉತ್ತರ. ಪದವನ್ನು ಇಡಿಯಾಗಿ ನುಂಗಬೇಡಿ, ಮುರಿದು ನೋಡಿ. ಲ್ಯಾಟಿನ್‌ನಲ್ಲಿ ಫೆನೆಸ್ಟ್ರ ಅಂದರೆ ಕಿಟಕಿ, ಡಿ ಅಂದರೆ ಅಲ್ಲಿಂದ ಕೆಳಕ್ಕೆ ಅಥವಾ ಆಚೆಗೆ. ಅಷ್ಟೇ. ಒಂದು ನೂರು ಲ್ಯಾಟಿನ್, ಗ್ರೀಕ್ ತುಂಡುಗಳು ಗೊತ್ತಿದ್ದರೆ ಪಟ್ಟಿಗಳ ಹಂಗೇ ಇರುವುದಿಲ್ಲ, ಹೊಸ ಪದ ಕಂಡಾಗ ಅರ್ಥ ತಾನೇ ಬಾಯಿ ಬಿಡುತ್ತದೆ.

ಇನ್ನೊಂದು ಮಾತು. ನಾನು ಕರಡು ತಿದ್ದುವ ಕೆಲಸದವನು. ನನ್ನ ಅನುಭವದಲ್ಲಿ ಯಾರಿಗೂ ಗೊತ್ತಿರದ ಪದಗಳಿಂದ ಅಪಾಯವಿಲ್ಲ, ಎಲ್ಲರೂ ಡಿಕ್ಷನರಿ ತೆಗೆಯುತ್ತಾರೆ. ಅಪಾಯ ಇರೋದು ಅರೆಬರೆ ಗೊತ್ತಿರುವ ಪದಗಳಲ್ಲಿ. ನಾನ್‌ಪ್ಲಸ್ಡ್ ಅಂದರೆ ದಿಕ್ಕು ತೋಚದೆ ನಿಂತವನು, ಆದರೆ ಅಮೆರಿಕದಲ್ಲಿ ಎಷ್ಟೋ ಜನ ಅದನ್ನು “ಸ್ವಲ್ಪವೂ ವಿಚಲಿತನಾಗದ” ಅನ್ನೋ ತದ್ವಿರುದ್ಧ ಅರ್ಥದಲ್ಲಿ ಬಳಸುತ್ತಾರೆ. ಎಗ್ರೀಜಿಯಸ್ ಅನ್ನುವುದು ಒಂದು ಕಾಲದಲ್ಲಿ ಹೊಗಳಿಕೆ, ಹಿಂಡಿನಿಂದ ಎದ್ದು ಕಾಣುವವನು ಅಂತ. ಈಗ ಅದು ಎದ್ದು ಕಾಣುವಷ್ಟು ಕೆಟ್ಟದ್ದು. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥವಕ್ಕೆ ಜಾಗ ಕೊಡಿ.

---

ಅರ್ಧವಿರಾಮ:

ಕಾಗುಣಿತ ಅವರೇ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಇಂಥ ಪದಗಳು ನನಗೆ ಬೆಟ್ಟದ ಚಿತ್ರದ ಮೇಲೆ ಕೂತು ಬರುವುದಿಲ್ಲ, ವಾಕ್ಯದ ನಡುವೆ ಬಂದು ದಾರಿಗಡ್ಡ ಮಲಗುತ್ತವೆ. ಆ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ ಅಂತ ಇಟ್ಟುಕೊಳ್ಳಿ: ನಿಮ್ಮ ಪಟ್ಟಿಯಲ್ಲಿರುವ ಪದಗಳು ಒಂದೇ ಸಾಲಿನಲ್ಲಿ ಕೂರಬೇಕಾದವಲ್ಲ. ಕೆಲವಕ್ಕೆ ಕಸುಬಿದೆ, ಕೆಲವಕ್ಕೆ ಚರಿತ್ರೆಯಿದೆ, ಕೆಲವಕ್ಕೆ ಅಪ್ಪ ಅಮ್ಮನ ವಿಳಾಸವೇ ಇಲ್ಲ.

ಆ್ಯಗ್ಲೆಟ್ ಕಸುಬಿನ ಪದ. ಹಳೆಯ ಫ್ರೆಂಚಿನಲ್ಲಿ ಪುಟ್ಟ ಸೂಜಿ ಅನ್ನುವ ಅರ್ಥದಿಂದ ಬಂದದ್ದು. ಲೇಸು ತಯಾರಿಸುವವರಿಗೆ ಅದು ಅಪರೂಪವೇನಲ್ಲ, ದಿನಾ ಬಾಯಲ್ಲಿ ಬರುವುದು. ಪೆನ್ಸಿಲ್ಲಿಗೂ ರಬ್ಬರಿಗೂ ನಡುವೆ ಇರುವ ಲೋಹದ ಪಟ್ಟಿ ಫೆರೂಲ್. ಮೂಗಿಗೂ ಮೇಲ್ದುಟಿಗೂ ನಡುವಿನ ತಗ್ಗು ಫಿಲ್ಟ್ರಮ್, ಎರಡು ಹುಬ್ಬಿನ ನಡುವಿನ ಜಾಗ ಗ್ಲಾಬೆಲ್ಲ. ವೈದ್ಯರು ಇವನ್ನು ಬರೆಯುವಾಗ ಯಾರನ್ನೂ ಬೆರಗುಗೊಳಿಸಲು ಬರೆಯುವುದಿಲ್ಲ. ಇಂಥ ಪದಗಳ ಬಗ್ಗೆ ಅನುಮಾನ ಬೇಡ. ನಿಮಗೆ ಬೇಕಾ ಬೇಡವಾ ಅನ್ನುವುದಷ್ಟೇ ಪ್ರಶ್ನೆ.

ಡಿಫೆನೆಸ್ಟ್ರೇಶನ್‌ಗೆ ಚರಿತ್ರೆಯ ಬಲ ಇದೆ. 1618ರ ಮೇ 23ರಂದು ಪ್ರಾಗ್ ಕೋಟೆಯಲ್ಲಿ ಪ್ರೊಟೆಸ್ಟೆಂಟ್ ಮುಖಂಡರು ಚಕ್ರವರ್ತಿಯ ಪರವಾಗಿದ್ದ ಇಬ್ಬರು ಕ್ಯಾಥೊಲಿಕ್ ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಎತ್ತಿ ಕಿಟಕಿಯಿಂದಾಚೆ ಎಸೆದರು. ಸುಮಾರು 21 ಮೀಟರ್ ಎತ್ತರ. ಮೂವರೂ ಬದುಕಿದರು. ಕನ್ಯೆ ಮೇರಿ ಕೈಕೊಟ್ಟು ಇಳಿಸಿದಳು ಅಂತ ಕ್ಯಾಥೊಲಿಕರು, ತಿಪ್ಪೆಯ ಮೇಲೆ ಬಿದ್ದರು ಅಂತ ಪ್ರೊಟೆಸ್ಟೆಂಟರು. ಮೂವತ್ತು ವರ್ಷಗಳ ಯುದ್ಧ ಶುರುವಾದದ್ದು ಅಲ್ಲಿಂದ. ನನಗೆ ಇಷ್ಟವಾದ ಪಾತ್ರ ಆ ಕಾರ್ಯದರ್ಶಿ. ಚಕ್ರವರ್ತಿ ಆಮೇಲೆ ಅವನಿಗೆ ಕೊಟ್ಟ ಬಿರುದಿನ ಅರ್ಥ ಹೆಚ್ಚುಕಡಿಮೆ “ಎತ್ತರದಿಂದ ಬಿದ್ದವನು” ಅಂತ! ಇಂಗ್ಲಿಷಿಗೆ ಈ ಪದ ಬೇಕಾದದ್ದು ಈ ಘಟನೆಗಾಗಿ. ಈಗ ಪತ್ರಿಕೆಯವರು ಯಾರನ್ನಾದರೂ ಕುರ್ಚಿಯಿಂದ ಕಿತ್ತೊಗೆದಾಗಲೂ ತಮಾಷೆಗೆ ಬಳಸುತ್ತಾರೆ.

ಪೆಟ್ರಿಕೋರ್ ಹಳೆಯ ಕವಿಯ ಪದದ ಹಾಗೆ ಕೇಳಿಸುತ್ತದೆ, ಆದರೆ ವಯಸ್ಸಿನಲ್ಲಿ ಚಿಕ್ಕದು. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, ನೇಚರ್ ಪತ್ರಿಕೆಯ ಲೇಖನಕ್ಕಾಗಿ ಕಟ್ಟಿದ್ದು. ಪೆಟ್ರ ಅಂದರೆ ಕಲ್ಲು, ಇಕೋರ್ ಅಂದರೆ ಗ್ರೀಕ್ ದೇವತೆಗಳ ನರಗಳಲ್ಲಿ ರಕ್ತದ ಬದಲು ಹರಿಯುವ ದ್ರವ. ಕಲ್ಲಿನೊಳಗಿನ ದೇವರಕ್ತ! ಲ್ಯಾಬಿನಲ್ಲಿ ಕೂತವರಿಗೆ ಇಷ್ಟು ಕಾವ್ಯ ಹೊಳೆದದ್ದೇ ನನಗೆ ಖುಷಿ. ಒಣಗಾಲದಲ್ಲಿ ಕಲ್ಲು ಮಣ್ಣು ಹೀರಿಟ್ಟುಕೊಂಡ ಎಣ್ಣೆಯಂಥ ವಸ್ತುಗಳು ಆ ವಾಸನೆಯ ಒಂದು ಪಾಲು. ಮಣ್ಣಿನ ಬ್ಯಾಕ್ಟೀರಿಯಗಳು ಹುಟ್ಟಿಸುವ ಜಿಯೋಸ್ಮಿನ್ ಇನ್ನೊಂದು ಪಾಲು. ಈ ಜಿಯೋಸ್ಮಿನ್ ಗಾಳಿಯಲ್ಲಿ ಲಕ್ಷ ಕೋಟಿಗೆ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ.

ಈಗ ಅನುಮಾನದವು. ಅಪ್ರಿಸಿಟಿ ಸಿಗುವುದು ಹೆನ್ರಿ ಕಾಕರಮ್ ಎಂಬುವನ 1623ರ ಡಿಕ್ಷನರಿಯಲ್ಲಿ. ಬಿಸಿಲಿಗೆ ಮೈಯೊಡ್ಡಿದ ಎಂಬರ್ಥದ ಲ್ಯಾಟಿನ್ ಪದಕ್ಕೆ ಇಂಗ್ಲಿಷ್ ಬಾಲ ಕಟ್ಟಿದ್ದು. ಆಮೇಲೆ ಅದು ಜನರ ಬಾಯಿಗೂ ಬರಲಿಲ್ಲ, ಪುಸ್ತಕಗಳಿಗೂ ಇಳಿಯಲಿಲ್ಲ ಅನ್ನಬಹುದು. ಡಿಕ್ಷನರಿಯಲ್ಲೇ ಹುಟ್ಟಿ ಡಿಕ್ಷನರಿಯಲ್ಲೇ ಮಲಗಿದ್ದ ಕೂಸನ್ನು ನಮ್ಮ ಕಾಲದ ಪಟ್ಟಿಗಾರರು ಎಬ್ಬಿಸಿದ್ದಾರೆ.

ಇದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷಿಗೇ ಇಂಗ್ಲಿಷಿನಲ್ಲಿ ಅರ್ಥ ಹೇಳುವ ಮೊದಲ ಡಿಕ್ಷನರಿ, 1604ರಲ್ಲಿ ರಾಬರ್ಟ್ ಕಾಡ್ರಿ ಮಾಡಿದ್ದು, ಸುಮಾರು 2500 ಪದಗಳದ್ದು, ಕೇವಲ ಕಠಿಣ ಪದಗಳ ಪಟ್ಟಿ. ನಾಯಿ, ನೀರು, ಮನೆ ಇಂಥ ಪದಗಳಿಗೆ ಅರ್ಥ ಬರೆಯಬೇಕು ಅಂತ ಆಗ ಯಾರಿಗೂ ಅನಿಸಿರಲಿಲ್ಲ. ಅಂದರೆ ನಿಮ್ಮ ನೋಟ್‌ಬುಕ್ಕಿನ ಚಟ ಇಂಗ್ಲಿಷ್ ನಿಘಂಟಿನಷ್ಟೇ ಹಳೆಯದು, ನಾಚಿಕೊಳ್ಳಬೇಡಿ. ಲ್ಯಾಟಿನ್ ಪದಗಳನ್ನು ಸುಮ್ಮಸುಮ್ಮನೆ ತುರುಕುವವರನ್ನು ಆ ಕಾಲದಲ್ಲೇ ಜನ ಗೇಲಿ ಮಾಡುತ್ತಿದ್ದರು. ಅಂಥ ಪದಗಳಿಗೆ ಇಂಕ್‌ಹಾರ್ನ್ ಪದ ಅಂತ ಹೆಸರು. ಇಂಕ್‌ಹಾರ್ನ್ ಅಂದರೆ ಕೊಂಬಿನಿಂದ ಮಾಡಿದ ಮಸಿಕುಡಿಕೆ.

ಸಾಂಡರ್ ಇನ್ನೂ ಎಳೆಯದು. 2012ರಲ್ಲಿ ಅಮೆರಿಕದ ಲೇಖಕರೊಬ್ಬರು, ಹೆಸರಿಲ್ಲದ ಭಾವನೆಗಳಿಗೆ ಹೆಸರಿಡುವ ಆಟವಾಗಿ ಕಟ್ಟಿದ್ದು. ಅವರು ಅದನ್ನು ಮುಚ್ಚಿಡಲೂ ಇಲ್ಲ, ಪಟ್ಟಿಗಾರರು ಮಾತ್ರ ಅದನ್ನು ಪುರಾತನ ಪದವೆಂಬಂತೆ ಹಂಚುತ್ತಿದ್ದಾರೆ. ಪದ ಚೆನ್ನಾಗಿದೆ, ಜನ ಬಳಸತೊಡಗಿದ್ದಾರೆ, ಮುಂದೆ ನಿಲ್ಲಲೂಬಹುದು. ಯಾರೋ ಕಟ್ಟಿದ್ದು ಅನ್ನುವುದು ದೋಷವಲ್ಲ. ಪೆಟ್ರಿಕೋರನ್ನೂ ಯಾರೋ ಕಟ್ಟಿದ್ದೇ ತಾನೆ.

ಇನ್ನು ಕೊನೆಯದು, ಎಸ್ಕ್ವಿವೇಲಿಯನ್ಸ್. ಇದು ಬೋನು! 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯ ಸಂಪಾದಕರು ಬೇಕೆಂದೇ ಸೇರಿಸಿದ ಸುಳ್ಳು ಪದ. ನಮ್ಮ ಕೆಲಸವನ್ನು ಯಾರಾದರೂ ಹಾಗ್ಹಾಗೇ ನಕಲು ಮಾಡಿದರೆ ಈ ಪದವೂ ಅವರ ಕಡೆ ಕಾಣಿಸಿಕೊಳ್ಳುತ್ತದೆ, ಸಿಕ್ಕಿಬೀಳುತ್ತಾರೆ ಎಂಬ ಲೆಕ್ಕಾಚಾರ. 2005ರಲ್ಲಿ ಗುಟ್ಟು ಬಯಲಾಯಿತು. ಕೆಲಸದಿಂದ ನುಣುಚಿಕೊಳ್ಳುವುದು ಅಂತ ಅರ್ಥ ಕೊಟ್ಟದ್ದೂ ನಕಲು ಹೊಡೆಯುವ ಸೋಮಾರಿಗಳಿಗೆ ಒಂದು ಚುಚ್ಚು. ಇಂಥ ಬೋನಿನ ನಮೂದುಗಳಿಗೆ ಇಂಗ್ಲಿಷಿನಲ್ಲಿ ಮೌಂಟ್‌ವೀಜಲ್ ಅಂತ ಹೆಸರೇ ಬಿದ್ದಿದೆ. 1975ರ ನ್ಯೂ ಕೊಲಂಬಿಯಾ ವಿಶ್ವಕೋಶದಲ್ಲಿ ಲಿಲಿಯನ್ ವರ್ಜೀನಿಯಾ ಮೌಂಟ್‌ವೀಜಲ್ ಎಂಬ ಛಾಯಾಗ್ರಾಹಕಿಯ ಜೀವನಚರಿತ್ರೆ ಇದೆ. ದಹ್ಯವಸ್ತುಗಳ ಬಗೆಗಿನ ಪತ್ರಿಕೆಯೊಂದಕ್ಕೆ ಕೆಲಸ ಮಾಡುವಾಗ ಸ್ಫೋಟದಲ್ಲಿ ತೀರಿಕೊಂಡಳಂತೆ. ಅಂಥ ಹೆಂಗಸು ಇರಲೇ ಇಲ್ಲ.

ಅಸಲಿ ನಕಲಿ ತಿಳಿಯಲು ನಾನು ಮಾಡುವುದು ಇಷ್ಟು. ಅರ್ಥವನ್ನು ನೋಡುವುದಿಲ್ಲ, ಅರ್ಥದ ಕೆಳಗಿನ ಬಳಕೆಯ ವಾಕ್ಯಗಳನ್ನು ನೋಡುತ್ತೇನೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದದ್ದು, ನಿಂತಿರುವುದೇ ಈ ಉಪಾಯದ ಮೇಲೆ. ಯಾರು, ಯಾವ ವರ್ಷ, ಯಾವ ವಾಕ್ಯದಲ್ಲಿ ಬಳಸಿದರು ಅನ್ನುವ ಲಕ್ಷಾಂತರ ಚೀಟಿಗಳನ್ನು ಓದುಗರು ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದು ಪದದ ಕೆಳಗೆ ಬೇರೆಬೇರೆ ಶತಮಾನದ ಐದಾರು ವಾಕ್ಯಗಳಿದ್ದರೆ ಅದು ಬದುಕಿದ ಪದ. ಒಂದೇ ವಾಕ್ಯ, ಅದೂ ಇನ್ನೊಂದು ಡಿಕ್ಷನರಿಯಿಂದ ಎತ್ತಿದ್ದು ಅಂದರೆ, ಕೈಕುಲುಕಿ ಮುಂದೆ ಹೋಗಿ.

ಹಾರಿಪಿಲೇಶನ್, ಓವರ್‌ಮಾರೋ ಎರಡನ್ನೂ ಬಿಟ್ಟಿದ್ದೇನೆ. ಅವುಗಳ ಕತೆ ಬೇರೆ, ಸಂಜೆ ಬರೆಯುತ್ತೇನೆ.

---

ಏಳಕ್ಷರ:

ಅರ್ಧವಿರಾಮ ಸರ್, ಅಷ್ಟೆಲ್ಲ ಕಟ್ಟುನಿಟ್ಟು ಯಾಕೆ? ನಾನು ಸ್ಕ್ರ್ಯಾಬಲ್ ಆಡುವವನು, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಆಟ. ನನಗೆ ಪದದ ಅರ್ಥ, ಊರು, ಕುಲ ಯಾವುದೂ ಬೇಡ. ಆಟದ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಅಷ್ಟು ಸಾಕು. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಸ್ಕ್ರ್ಯಾಬಲ್ ಗೆದ್ದ. ಫ್ರೆಂಚ್ ಮಾತಾಡಲು ಬಾರದು! ಕೆಲವೇ ವಾರಗಳಲ್ಲಿ ಪದಪಟ್ಟಿಯನ್ನು ಗಟ್ಟು ಹೊಡೆದು ಹೋಗಿದ್ದ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಗೆದ್ದ.

1982ರಲ್ಲಿ ಒಬ್ಬ ಆಟಗಾರ ಕಝೀಕ್ಸ್ ಎಂಬ ಒಂದೇ ಪದಕ್ಕೆ 392 ಅಂಕ ಹೊಡೆದ. ಅದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ನಾಯಕನಿಗೆ ಇರುವ ಹೆಸರು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾಗಿ ಅಂಕವೇನೂ ಹೆಚ್ಚಲಿಲ್ಲ.

ಕಾಗುಣಿತ ಅವರೇ, ಪದ ಕೂಡಿಹಾಕುವುದು ಖುಷಿ ಕೊಟ್ಟರೆ ಕೂಡಿಹಾಕಿ. ಉಪಯೋಗ ಏನು ಅಂತ ಅಂಚೆಚೀಟಿ ಕೂಡಿಸುವವರನ್ನು ಯಾರೂ ಕೇಳುವುದಿಲ್ಲ.

---

ಬೆರಳಚ್ಚು:

ಸುಳ್ಳು ಪದಗಳ ಮಾತು ಬಂತಲ್ಲ, ಬೇಕೆಂದು ಮಾಡದೆ ಹುಟ್ಟಿದ ಒಂದು ಪದವೂ ಇದೆ. ಡಾರ್ಡ್. 1934ರ ವೆಬ್‌ಸ್ಟರ್ ದೊಡ್ಡ ಡಿಕ್ಷನರಿಯಲ್ಲಿ ಡಾರ್ಡ್ ಅಂದರೆ ಸಾಂದ್ರತೆ ಅಂತ ಅಚ್ಚಾಯಿತು. ಆದದ್ದು ಇಷ್ಟೇ. ದೊಡ್ಡ ಡಿ ಅಥವಾ ಚಿಕ್ಕ ಡಿ, ಎರಡೂ ಸಾಂದ್ರತೆಯ ಸಂಕ್ಷೇಪ ಅಂತ ರಸಾಯನ ವಿಭಾಗದವರು ಒಂದು ಚೀಟಿ ಬರೆದಿದ್ದರು. “ಡಿ ಅಥವಾ ಡಿ” ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಡಿ ಆರ್ ಡಿ. ಅಕ್ಷರಗಳ ನಡುವಿನ ಜಾಗ ಮಾಯವಾಗಿ ಒಂದೇ ಪದವಾಗಿ ಕೂತಿತು, ಉಚ್ಚಾರಣೆಯೂ ಸೇರಿಕೊಂಡಿತು. 1939ರಲ್ಲಿ ಒಬ್ಬ ಸಂಪಾದಕರಿಗೆ ಈ ಪದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಅಂತ ಅನುಮಾನ ಬಂದು ಹುಡುಕಿದಾಗ ಸಿಕ್ಕಿಬಿತ್ತು. ಕರಡು ತಿದ್ದುವವರ ಮನೆದೇವರು ಅನ್ನಬೇಕು ಆ ಪದವನ್ನು.

ಒಂದು ಸಂದೇಹ: ಕ್ವಿಜ್ ಅನ್ನುವ ಪದವನ್ನು ಡಬ್ಲಿನ್‌ನ ನಾಟಕಶಾಲೆಯ ಮಾಲೀಕನೊಬ್ಬ ಪಂಥ ಕಟ್ಟಿ, ರಾತ್ರೋರಾತ್ರಿ ಊರಿನ ಗೋಡೆಗಳ ಮೇಲೆಲ್ಲ ಬರೆಸಿ ಚಾಲ್ತಿಗೆ ತಂದ ಅಂತಾರಲ್ಲ, ನಿಜವಾ?

---

ಕಾಗುಣಿತ:

ಎಲ್ಲರಿಗೂ ಧನ್ಯವಾದ. ಎಸ್ಕ್ವಿವೇಲಿಯನ್ಸ್ ಮೇಲೆ ಗೆರೆ ಎಳೆಯಲು ಹೋದವಳು ಎಳೆಯಲಿಲ್ಲ, ಪಕ್ಕದಲ್ಲಿ “ಬೋನು” ಅಂತ ಬರೆದೆ.

ಅರ್ಧವಿರಾಮ ಸರ್, ಒಂದು ಅನುಮಾನ. ನನ್ನ ಬಲಗಡೆ ಸಾಲಿನಲ್ಲಿ ಎಷ್ಟೋ ಕಡೆ ಒಂದೇ ಕನ್ನಡ ಪದ ಸಾಕಾಗುತ್ತದೆ. ಹಾರಿಪಿಲೇಶನ್‌ಗೆ ರೋಮಾಂಚನ, ಓವರ್‌ಮಾರೋಗೆ ನಾಡಿದ್ದು. ಇಂಗ್ಲಿಷಿನಲ್ಲಿ ಅಷ್ಟು ಅಪರೂಪವಾದದ್ದು ನಮಗೆ ದಿನಬಳಕೆ. ಹಾಗಾದರೆ ಅನುವಾದ ಮಾಡುವಾಗ ಅದು ಸಲೀಸೋ, ಕಷ್ಟವೋ?

---

ಅರ್ಧವಿರಾಮ:

ಮೊದಲು ಬೆರಳಚ್ಚು ಅವರಿಗೆ. ಇಲ್ಲ, ಕಟ್ಟುಕತೆ. ಆ ಪಂಥ ನಡೆದದ್ದು 1791ರಲ್ಲಿ ಅನ್ನುತ್ತಾರೆ. ಆದರೆ ವಿಚಿತ್ರ ಮನುಷ್ಯ ಅನ್ನುವ ಅರ್ಥದಲ್ಲಿ ಕ್ವಿಜ್ 1780ರ ದಶಕದಲ್ಲೇ ಬರವಣಿಗೆಯಲ್ಲಿದೆ. ಒಂದು ಪದದ ಹುಟ್ಟಿನ ಕತೆ ಸಿನಿಮಾದಷ್ಟು ಸೊಗಸಾಗಿದ್ದರೆ ನಾನು ನಂಬುವ ಮೊದಲು ತಾರೀಕು ಕೇಳುತ್ತೇನೆ.

ಈಗ ಕಾಗುಣಿತ ಅವರ ಪ್ರಶ್ನೆ. ಒಂದೊಂದು ಸಲ ಸಲೀಸು, ಒಂದೊಂದು ಸಲ ಪ್ರಾಣಸಂಕಟ.

ಓವರ್‌ಮಾರೋ 1535ರ ಕವರ್‌ಡೇಲ್ ಬೈಬಲ್ ಅನುವಾದದಲ್ಲಿ ಇದೆ. ಆಮೇಲೆ ಇಂಗ್ಲಿಷಿನವರು ಅದನ್ನು ಕೈಬಿಟ್ಟು, “ನಾಳೆಯ ನಂತರದ ದಿನ” ಅಂತ ಉದ್ದಕ್ಕೆ ಹೇಳುವುದನ್ನು ಕಲಿತರು. ಮೊನ್ನೆಗೂ ಅವರ ಹತ್ತಿರ ಒಂಟಿ ಪದ ಇಲ್ಲ. ನಾವು ನಾಡಿದ್ದು, ಆಚೆನಾಡಿದ್ದು, ಮೊನ್ನೆ, ಆಚೆಮೊನ್ನೆ ಅಂತ ಎರಡೂ ದಿಕ್ಕಿಗೆ ಆರಾಮವಾಗಿ ಓಡಾಡುತ್ತೇವೆ. ಇಲ್ಲಿ ಅನುವಾದಕನಿಗೆ ಲಾಭವೇ.

ಹಾರಿಪಿಲೇಶನ್‌ನಲ್ಲಿ ಕಷ್ಟ ಶುರು. ಲ್ಯಾಟಿನ್‌ನಲ್ಲಿ ಮೊದಲ ತುಂಡು ನೆಟ್ಟಗೆ ನಿಮಿರುವುದು, ಎರಡನೆಯದು ಕೂದಲು. ಹಾರರ್ ಸಿನಿಮಾದ ಹಾರರ್ ಕೂಡ ಅದೇ ಮೊದಲ ತುಂಡಿನ ಸಂತಾನ. ಸಂಸ್ಕೃತದ ರೋಮಾಂಚನವೂ, ನಮ್ಮದೇ ಆದ ಮೈನವಿರೇಳುವುದೂ ಹೇಳುವುದು ಅದನ್ನೇ, ನವಿರು ಅಂದರೂ ಕೂದಲೇ. ಅರ್ಥ ಸರಿಹೋಯಿತು, ಆದರೆ ತೂಕ ಸರಿಹೋಗಲಿಲ್ಲ. ಇಂಗ್ಲಿಷಿನಲ್ಲಿ ಸಾಮಾನ್ಯರು ಬಳಸುವುದು ಗೂಸ್‌ಬಂಪ್ಸ್, ಬಾತುಕೋಳಿ ಜಾತಿಯ ಹಕ್ಕಿಯ ಚರ್ಮದ ಹೋಲಿಕೆ. ಅದನ್ನು ಬಿಟ್ಟು ಹಾರಿಪಿಲೇಶನ್ ಅನ್ನುವವನು ಒಂದೋ ಪಂಡಿತ, ಇಲ್ಲವೇ ಪಂಡಿತನನ್ನು ಅಣಕಿಸುವವನು. ನಾನು ಕನ್ನಡದಲ್ಲಿ ರೋಮಾಂಚನ ಅಂದುಬಿಟ್ಟರೆ ಪಂಡಿತನೂ ಹೋದ, ಅಣಕವೂ ಹೋಯಿತು.

ಒಂದು ಕತೆಯಲ್ಲಿ ಒಣಜಂಭದ ವೈದ್ಯನೊಬ್ಬ ಊಟದ ಮೇಜಿನಲ್ಲಿ ಕೂತು ಬಾರ್ಬರಿಗ್ಮಸ್ ಅನ್ನುತ್ತಾನೆ. ಹೊಟ್ಟೆ ಗುರುಗುಟ್ಟುವುದಕ್ಕೆ ಗ್ರೀಕರು ಇಟ್ಟ ಹೆಸರು, ಅದೂ ನಮ್ಮ ಗುರುಗುರು ಇದ್ದ ಹಾಗೇ ಸದ್ದಿನಿಂದ ಹುಟ್ಟಿದ್ದು. “ಹೊಟ್ಟೆ ಗುರುಗುಟ್ಟುತ್ತಿದೆ” ಅಂತ ಬರೆದರೆ ಅವನು ಹಸಿದ ಮನುಷ್ಯನಾಗುತ್ತಾನೆ, ವೈದ್ಯನಾಗುವುದಿಲ್ಲ. ನಾನು ಅವನ ಬಾಯಲ್ಲಿ “ಉದರಗರ್ಜನೆ” ಅಂತ ಹೇಳಿಸಿದೆ. ಯಾವ ನಿಘಂಟಿನಿಂದಲೂ ತಂದದ್ದಲ್ಲ, ನಾನೇ ಹೊಸೆದದ್ದು. ಇಂಗ್ಲಿಷಿನವರಿಗೆ ದೊಡ್ಡಸ್ತಿಕೆ ಬೇಕಾದಾಗ ಲ್ಯಾಟಿನ್, ಗ್ರೀಕ್ ಇರುವ ಹಾಗೆ ನಮಗೆ ಸಂಸ್ಕೃತ ಇದೆ. ಜಂಭಕ್ಕೆ ಜಂಭವನ್ನೇ ಕೊಡಬೇಕು.

ಸಲೀಸಾಗಿ ದಕ್ಕಿದ್ದು ವಿಡರ್‌ಶಿನ್ಸ್. ಸ್ಕಾಟ್ಲೆಂಡಿನ ಜನಪದ ಕತೆಗಳಲ್ಲಿ ಮಾಟಗಾತಿಯರು ಹೀಗೆ ಸುತ್ತು ಬರುತ್ತಾರೆ. ಡಿಕ್ಷನರಿ “ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ” ಅನ್ನುತ್ತದೆ. ಮಾಟಗಾತಿಗೆ ಗಡಿಯಾರ ಕಟ್ಟಿದರೆ ಭಯವೆಲ್ಲ ಇಳಿದುಹೋಗುತ್ತದೆ. ನಾನು ಅಪ್ರದಕ್ಷಿಣೆ ಅಂದೆ. ದಿಕ್ಕೂ ಬಂತು, ಅಶುಭದ ಹೆದರಿಕೆಯೂ ಬಂತು. ಅದರ ಶುಭದ ಜೋಡಿ ಡೀಸಿಲ್, ಸೂರ್ಯ ಸಾಗುವ ಕಡೆಗೆ ಸುತ್ತುವುದು. ಗೇಲಿಕ್ ಮೂಲದ ಆ ಪದದ ಬಲಗೈ ಅರ್ಥದ ತುಂಡೂ ನಮ್ಮ ಪ್ರದಕ್ಷಿಣೆಯೊಳಗಿನ ದಕ್ಷಿಣವೂ ಒಂದೇ ಬೇರಿನವು, ದೂರದ ದಾಯಾದಿಗಳು.

ಇನ್ನು ನನ್ನನ್ನು ನಿಜವಾಗಿ ಸತಾಯಿಸಿದ್ದು ಅವಂಕ್ಯುಲರ್. ಒಬ್ಬ ಹಿರಿಯ “ಅವಂಕ್ಯುಲರ್ ನಗೆ” ನಕ್ಕ ಅಂತ ಬರುತ್ತದೆ. ಅಂಕಲ್‌ನಂಥ ಅಂತ ಅರ್ಥ. ಅಂಕಲ್ ಅಂದರೆ ನಮಗೆ ಯಾರು? ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ, ಪಕ್ಕದ ಮನೆಯವರೋ? ಹಿಂದಕ್ಕೆ ಹೋಗಿ ನೋಡಿದರೆ ಮಜಾ ಇದೆ. ಲ್ಯಾಟಿನ್‌ನಲ್ಲಿ ಅವುಂಕುಲುಸ್ ಅಂದರೆ ಅಮ್ಮನ ಅಣ್ಣತಮ್ಮಂದಿರು ಮಾತ್ರ, ಅಂದರೆ ಸೋದರಮಾವ. ಅಕ್ಷರಶಃ “ಪುಟ್ಟ ಅಜ್ಜ”. ಅಪ್ಪನ ಅಣ್ಣತಮ್ಮಂದಿರಿಗೆ ಪತ್ರುಸ್ ಎಂಬ ಬೇರೆ ಪದ ಇತ್ತು, ಆ ಪತ್ರುಸ್ ರೋಮನರಲ್ಲಿ ಬೈಯುವುದಕ್ಕೆ ಹೆಸರುವಾಸಿ. ಅಪ್ಪನ ಅಕ್ಕತಂಗಿಯರು ಅಮಿತ, ಅಮ್ಮನ ಅಕ್ಕತಂಗಿಯರು ಮತೆರ್ತೆರ. ನಾಲ್ವರಲ್ಲಿ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ದಾಟಿದ್ದು ಇಬ್ಬರೇ. ಅವುಂಕುಲುಸ್ ಅಂಕಲ್ ಆದ, ಅಮಿತ ಆಂಟ್ ಆದಳು. ಅಂದರೆ ಅಮ್ಮನ ಅಣ್ಣ, ಅಪ್ಪನ ತಂಗಿ. ಸೋದರಮಾವ, ಸೋದರತ್ತೆ. ಬೀದಿಯಲ್ಲಿ ಸಿಕ್ಕವರನ್ನೆಲ್ಲ ಅಂಕಲ್ ಆಂಟಿ ಅನ್ನುವವರು ವ್ಯುತ್ಪತ್ತಿಯ ಪ್ರಕಾರ ಮಾವ ಅತ್ತೆ ಅಂತಲೇ ಕರೆಯುತ್ತಿದ್ದಾರೆ!

ಇಷ್ಟೆಲ್ಲ ತಿಳಿದ ಮೇಲೆ “ಸೋದರಮಾವನ ನಗೆ” ಅಂತ ಬರೆಯಬಹುದಿತ್ತು, ನಿಖರವೂ ಹೌದು. ಬರೆಯಲಿಲ್ಲ. ಆ ಹಿರಿಯ ನಗುತ್ತಿದ್ದುದು ಒಬ್ಬ ಹುಡುಗಿಯ ಕಡೆಗೆ. ಕನ್ನಡದಲ್ಲಿ ಮಾವ ಅಂದ ಕೂಡಲೇ ಮದುವೆಯ ಮಾತು ಹಿಂದೆಯೇ ಬರುತ್ತದೆ, ಕತೆ ಇಲ್ಲದ ದಾರಿ ಹಿಡಿಯುತ್ತದೆ. “ಮನೆಯ ಹಿರಿಯರ ಹಾಗೆ ಅಕ್ಕರೆಯಿಂದ ನಕ್ಕ” ಅಂತ ಬಿಡಿಸಿ ಬರೆದೆ. ಒಂದು ಪದಕ್ಕೆ ನಾಲ್ಕು ಪದ ತೆತ್ತೆ. ಅನುವಾದದಲ್ಲಿ ಇಂಥ ದುಬಾರಿ ವ್ಯಾಪಾರ ಮಾಮೂಲು.

ನೆನಪಿನ ಬಗ್ಗೆ: ನಿಮ್ಮ ನೋಟ್‌ಬುಕ್ಕಿನ ಬಲಗಡೆ ಅರ್ಥ ಬರೆಯುವುದನ್ನು ಬಿಡಿ. ಆ ಪದ ನಿಮಗೆ ಸಿಕ್ಕ ವಾಕ್ಯವನ್ನು ಇಡಿಯಾಗಿ ಬರೆಯಿರಿ, ಯಾರು ಯಾರಿಗೆ ಹೇಳಿದ್ದು ಅನ್ನುವುದೂ ಇರಲಿ. ವಾಕ್ಯವೇ ಇಲ್ಲದೆ ಸಿಕ್ಕಿದ್ದರೆ, ಅಂದರೆ ಬೆಟ್ಟದ ಚಿತ್ರದ ಮೇಲೆ, ಬೇರೆ ಹಾಳೆಯಲ್ಲಿ ಬರೆದಿಡಿ. ಓದುವಾಗ ಎದುರಾದ ದಿನ ಈಕಡೆ ತಂದುಕೊಳ್ಳಿ.

---

ಏಳಕ್ಷರ:

ಅಂಕಲ್ ಆಂಟಿ ವಿಷಯ ಕೇಳಿ ನಾನು ಸೋತೆ ಸರ್. ಅರ್ಥಕ್ಕೆ ಇಷ್ಟು ರುಚಿ ಇದ್ದರೆ ಅಂಕ ಕೊಡದಿದ್ದರೂ ಪರವಾಗಿಲ್ಲ. ಆದರೂ ಅಂಚೆಚೀಟಿಯ ವಾದವನ್ನು ನಾನು ಬಿಡುವುದಿಲ್ಲ.

ನನ್ನದೊಂದು ಪದ: ಸೆಸ್ಕ್ವಿಪಿಡೇಲಿಯನ್. ಉದ್ದುದ್ದ ಪದ ಬಳಸುವವನು. ಒಂದೂವರೆ ಅಡಿ ಉದ್ದದ ಪದ ಅಂತ ರೋಮನ್ ಕವಿ ಹೊರೇಸ್ ಗೇಲಿ ಮಾಡಿದ್ದರಿಂದ ಬಂದದ್ದಂತೆ. ಇದು ನಿಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತಾ?

---

ಅರ್ಧವಿರಾಮ:

ಪಾಸು, ಅದೂ ಮೊದಲ ದರ್ಜೆಯಲ್ಲಿ. ಶತಮಾನಗಳಿಂದ ಜನ ಬಳಸುತ್ತಲೇ ಇದ್ದಾರೆ, ಹೆಚ್ಚಾಗಿ ಬೈಯಲು.

ಅದರ ತಲೆಯಲ್ಲಿರುವ ಸೆಸ್ಕ್ವಿಯನ್ನು ಗಮನಿಸಿ. ಲ್ಯಾಟಿನ್‌ನಲ್ಲಿ ಅದು ಸೆಮಿಸ್ ಮತ್ತು ಕ್ವೆ ಎರಡೂ ಸೇರಿ ಸವೆದದ್ದು. ಸೆಮಿಸ್ ಅಂದರೆ ಅರ್ಧ, ಕ್ವೆ ಅಂದರೆ “ಊ”. ಅಂದರೆ “ಅರ್ಧವೂ”. ನಮ್ಮ ಒಂದೂವರೆಯನ್ನು ಬಿಡಿಸಿ ನೋಡಿ: ಒಂದೂ, ಅರೆ. ಅದೇ ಕಟ್ಟು! 150ನೇ ವರ್ಷದ ಉತ್ಸವಕ್ಕೆ ಇಂಗ್ಲಿಷಿನಲ್ಲಿ ಸೆಸ್ಕ್ವಿಸೆಂಟೆನಿಯಲ್ ಅಂತ ನಾಲಿಗೆ ತಿರುಚುವುದು ಇದರಿಂದಲೇ.

---

ಕಾಗುಣಿತ:

ಒಂದೂವರೆ ಸಿಕ್ಕಿತು. ಅರೆಗಿಂತ ಕೆಳಗೆ, ಅರೆಕಾಲು, ವೀಸ ಅಂತ ನಮಗಿರುವ ಹಾಗೆ ಅವರಿಗೂ ಏನಾದರೂ ಇದೆಯಾ ಸರ್?

---

ಅರ್ಧವಿರಾಮ:

ಸಂಗೀತದಲ್ಲಿ ಇದೆ. ಬ್ರಿಟಿಷರು ಬಳಸುವ ಕ್ವೇವರ್ ಅಂದರೆ ಪೂರ್ಣ ಸ್ವರದ ಕಾಲಾವಧಿಯ ಎಂಟನೇ ಒಂದು ಪಾಲು, ನಿಮ್ಮ ಅರೆಕಾಲು. ಅದರ ಅರ್ಧ ಸೆಮಿಕ್ವೇವರ್, ಹದಿನಾರನೇ ಒಂದು ಪಾಲು, ಅದೇ ವೀಸ. ಅದರ ಅರ್ಧ ಡೆಮಿಸೆಮಿಕ್ವೇವರ್. ಅದರದ್ದೂ ಅರ್ಧ, 64ನೇ ಒಂದು ಪಾಲು, ಹೆಮಿಡೆಮಿಸೆಮಿಕ್ವೇವರ್. ಹೆಮಿ ಗ್ರೀಕಿನ 'ಅರೆ', ಡೆಮಿ ಫ್ರೆಂಚಿನ 'ಅರೆ', ಸೆಮಿ ಲ್ಯಾಟಿನ್ನಿನ 'ಅರೆ'. ಇಂಗ್ಲಿಷಿನವರ ಸ್ವಂತ ಹಾಫ್‌ಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ. ಇನ್ನೂ ಸಣ್ಣ ಸ್ವರ ಬೇಕೆಂದವರು ಸೆಮಿಯನ್ನೇ ಮತ್ತೊಮ್ಮೆ ಮುಂದಕ್ಕೆ ಅಂಟಿಸುತ್ತಾರೆ.

---

ಏಳಕ್ಷರ:

ಹೆಮಿಡೆಮಿಸೆಮಿಕ್ವೇವರ್ ಹದಿನೆಂಟು ಅಕ್ಷರ ಆಯಿತು. ಬೋರ್ಡಿನ ಒಂದು ಸಾಲಿನಲ್ಲಿರುವುದು ಹದಿನೈದೇ ಮನೆ. ಬಿಡಿ.